ಮನೋಚಿಕಿತ್ಸೆ ನಿಧಾನವೆನಿಸಿದಾಗ: ಮುಂದುವರಿಸಬೇಕೆ, ಬಿಡಬೇಕೆ?

ಆತಂಕದ ತೊಂದರೆಗಾಗಿ ಮನೋಚಿಕಿತ್ಸೆ ಪಡೆಯುತ್ತಿರುವವರು ಈಗ ನಮ್ಮ ಚಿಕಿತ್ಸಾಲಯಕ್ಕೂ ಆಗಾಗ ಬರುತ್ತಾರೆ. ಮನಸ್ಸಿನ ಕಾಯಿಲೆಯೆಂದರೆ ಮುಚ್ಚಿಡಬೇಕಾದ ವಿಷಯವೆಂಬ ಭಾವನೆ ಹಳ್ಳಿಗಳಲ್ಲಿಯೂ ಸಡಿಲವಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಚಿಕಿತ್ಸೆ ಆರಂಭಿಸಿದ ಎರಡು ಮೂರು ತಿಂಗಳಿಗೆ ಇವರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ: “ಸಾಹೇಬ್ರ, ಎಂಟು ಸಲ ಹೋಗಿ ಬಂದೇನ್ರಿ. ಬರೇ ಮಾತಾಡೋದ ಆತು, ಎದಿ ಬಡ್ಕೊಳ್ಳೋದು ನಿಂತಿಲ್ಲ. ಬಿಟ್ಟಬಿಡ್ಲೇನ್ರಿ?”

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಫಲ ಕೊಡಲಾರಂಭಿಸಿದ ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟವರು ನಷ್ಟಕ್ಕೊಳಗಾಗುತ್ತಾರೆ. ಫಲ ಕೊಡದ ಚಿಕಿತ್ಸೆಗೆ ವರ್ಷಗಟ್ಟಲೆ ಅಂಟಿಕೊಂಡವರು ಹಣವನ್ನೂ ಸಮಯವನ್ನೂ ಕಳೆದುಕೊಳ್ಳುವುದಲ್ಲದೆ, ಗುಣವಾಗುವೆನೆಂಬ ಭರವಸೆಯನ್ನೂ ಕಳೆದುಕೊಳ್ಳುತ್ತಾರೆ. ಬೇಸರದ ಒಂದು ದಿನ ಈ ನಿರ್ಧಾರವನ್ನು ಕೈಗೊಳ್ಳಬಾರದು. ಲೆಕ್ಕ ನೋಡಿ ಕೈಗೊಳ್ಳಬೇಕು. ಆ ಲೆಕ್ಕವನ್ನು ಹೇಗೆ ನೋಡುವುದು ಎಂಬುದನ್ನು ಈ ಸಂಚಿಕೆಯಲ್ಲಿ ವಿವೇಚಿಸೋಣ.

ಈ ಚಿಕಿತ್ಸೆ ಏಕೆ ನಿಧಾನ?

ಚರಕಸಂಹಿತೆಯ ಸೂತ್ರಸ್ಥಾನದ 11ನೇ ಅಧ್ಯಾಯವು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ ಮತ್ತು ಸತ್ತ್ವಾವಜಯ ಎಂದು ಮೂರು ವಿಧವಾಗಿ ವಿಂಗಡಿಸುತ್ತದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆದು ಹತೋಟಿಗೆ ತರುವುದೇ ಸತ್ತ್ವಾವಜಯ. ಅದೇ ಗ್ರಂಥದ ವಿಮಾನಸ್ಥಾನದ 6ನೇ ಅಧ್ಯಾಯದಲ್ಲಿ ಮಾನಸ ವಿಕಾರಗಳನ್ನು ಎಣಿಸುವಾಗ ಶೋಕ, ಭಯಗಳ ಜೊತೆಗೆ ಚಿತ್ತೋದ್ವೇಗದ ಹೆಸರೂ ಬರುತ್ತದೆ. ಮನಸ್ಸಿನ ಮೂಲಕವೇ ಮನಸ್ಸಿಗೆ ಚಿಕಿತ್ಸೆ ನೀಡುವ ವಿಚಾರ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಇಂದು ಆತಂಕಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಮನೋಚಿಕಿತ್ಸೆಯೆಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಸಂಕ್ಷೇಪವಾಗಿ ಸಿಬಿಟಿ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ಇದಕ್ಕೆ ತಳಹದಿ ಹಾಕಿದರು. ಆಲೋಚನೆ ಮತ್ತು ನಡವಳಿಕೆ ಎರಡನ್ನೂ ಅಭ್ಯಾಸದಿಂದ ತಿದ್ದುವುದು ಇದರ ಕ್ರಮ.

ಆತಂಕ ಬೇರೂರುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬಸ್ಸಿನಲ್ಲಿ ಒಮ್ಮೆ ಎದೆ ಬಡಿತ ಹೆಚ್ಚಿ ಉಸಿರು ಕಟ್ಟಿದಂತಾದವರು ಮರುವಾರ ಬಸ್ಸು ಹತ್ತಲು ಹಿಂಜರಿಯುತ್ತಾರೆ. ಹತ್ತದೆ ಮನೆಗೆ ಮರಳಿದೊಡನೆ ನೆಮ್ಮದಿ ದೊರೆಯುತ್ತದೆ. ಬಸ್ಸು ಅಪಾಯಕರ, ತಪ್ಪಿಸಿಕೊಂಡದ್ದರಿಂದ ತಾನು ಉಳಿದೆ ಎಂಬ ತಪ್ಪು ಪಾಠವನ್ನು ಮನಸ್ಸು ಆ ನೆಮ್ಮದಿಯಿಂದಲೇ ಕಲಿಯುತ್ತದೆ. ಮುಂದೆ ಸಂತೆ, ಮದುವೆ, ಜಾತ್ರೆ ಎಲ್ಲವೂ ಒಂದೊಂದಾಗಿ ಬಿಟ್ಟುಹೋಗುತ್ತವೆ. ಹಲವು ವರ್ಷ ಉರು ಹೊಡೆದ ಈ ಪಾಠವನ್ನು ಮರೆಸಿ ಬೇರೊಂದು ಪಾಠವನ್ನು ಕಲಿಸುವುದು ಚಿಕಿತ್ಸೆಯ ಕೆಲಸ. ಅದಕ್ಕಾಗಿ ರೋಗಿಯು ತಾನು ಅಂಜುವ ಸಂದರ್ಭಕ್ಕೆ ಹಂತಹಂತವಾಗಿ ಎದುರಾಗಬೇಕು. ಹೀಗೆ ಎದುರಾಗುವ ಮೊದಲ ಕೆಲವು ವಾರಗಳಲ್ಲಿ ಆತಂಕ ಕಡಿಮೆಯಾಗುವ ಬದಲು ಹೆಚ್ಚಿದಂತೆ ಕಾಣುವುದುಂಟು. ಅದನ್ನು ಚಿಕಿತ್ಸೆಯ ಸೋಲೆಂದು ತಿಳಿಯಬಾರದು.

ಅಹಿತವಾದ ಅಭ್ಯಾಸವನ್ನು ಒಮ್ಮೆಗೇ ಬಿಡದೆ ಕಾಲು ಕಾಲು ಭಾಗವಾಗಿ ಬಿಡುತ್ತ, ಹಿತವಾದುದನ್ನು ಅದೇ ಪ್ರಮಾಣದಲ್ಲಿ ರೂಢಿಸಿಕೊಳ್ಳಬೇಕೆಂದು ಚರಕಸಂಹಿತೆ ಸೂತ್ರಸ್ಥಾನದ 7ನೇ ಅಧ್ಯಾಯದಲ್ಲಿ ಹೇಳುತ್ತದೆ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಆಹಾರ ವಿಹಾರಗಳಿಗೆ ಹೇಳಿದ ಈ ಕ್ರಮದಲ್ಲಿರುವ ವಿವೇಕ ಅಂಜಿಕೆಯನ್ನು ಬಿಡುವುದಕ್ಕೂ ಅನ್ವಯಿಸುತ್ತದೆ. ಮೊದಲು ಬಸ್ ನಿಲ್ದಾಣದವರೆಗೆ ಹೋಗಿಬರುವುದು, ಬಳಿಕ ಒಂದು ನಿಲುಗಡೆಯಷ್ಟು ದೂರ ಪ್ರಯಾಣಿಸುವುದು, ಆಮೇಲೆ ತಾಲ್ಲೂಕು ಕೇಂದ್ರದವರೆಗೆ ಹೋಗುವುದು. ಹೀಗೆ ಸಾಗುವ ಚಿಕಿತ್ಸೆಗೆ ವೇಗ ಕಡಿಮೆಯಿದ್ದರೂ ಗಳಿಸಿದ್ದು ಉಳಿಯುತ್ತದೆ.

ಎಷ್ಟು ಕಾಲ ಕಾಯಬೇಕು?

ಸಾಮಾನ್ಯ ಆತಂಕದ ಕಾಯಿಲೆಗೆ ಸಿಬಿಟಿ ನೀಡುವಾಗ ವಾರಕ್ಕೊಮ್ಮೆ ಒಂದು ಗಂಟೆಯಂತೆ 12ರಿಂದ 15 ಭೇಟಿಗಳನ್ನು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆಯಾದ ನೈಸ್ ಸೂಚಿಸುತ್ತದೆ. ಹಠಾತ್ತನೆ ಬಂದೆರಗುವ ತೀವ್ರ ಗಾಬರಿಯ ಕಾಯಿಲೆಗೆ ಒಟ್ಟು 7ರಿಂದ 14 ಗಂಟೆಗಳ ಚಿಕಿತ್ಸೆ ಎಂಬುದು ಅದರ ಲೆಕ್ಕ. ನಮ್ಮ ಭಾಗದ ಅನೇಕರು ತಿಂಗಳಿಗೊಮ್ಮೆ ಮಾತ್ರ ಹೋಗಿಬರುತ್ತಾರೆ. ಅರ್ಧ ವರ್ಷವಾಯಿತೆಂದು ಅವರು ನೊಂದು ಹೇಳುವಾಗ ನಿಜವಾಗಿ ನಡೆದಿರುವುದು ಆರು ಭೇಟಿಗಳು. ಹತ್ತು ದಿನದ ಔಷಧವನ್ನು ಮೂರು ತಿಂಗಳಿಗೆ ಹಂಚಿಕೊಂಡು ಕುಡಿದರೆ ಗುಣ ಹೇಗೆ ಕಂಡೀತು? ಆದ್ದರಿಂದ ಕಾಲವನ್ನು ತಿಂಗಳುಗಳಿಂದ ಎಣಿಸದೆ ಭೇಟಿಗಳಿಂದ ಎಣಿಸಬೇಕು.

ನಾವು ರೋಗಿಗಳಿಗೆ ಹೇಳುವ ಲೆಕ್ಕ ಹೀಗಿದೆ. ನಾಲ್ಕನೆಯ ಭೇಟಿಯ ಹೊತ್ತಿಗೆ ಚಿಕಿತ್ಸೆಯ ಗುರಿ ಏನೆಂಬುದು ರೋಗಿಗೂ ಚಿಕಿತ್ಸಕರಿಗೂ ಸ್ಪಷ್ಟವಾಗಿರಬೇಕು. ಏಳೆಂಟು ಭೇಟಿಗಳ ಹೊತ್ತಿಗೆ ಸಣ್ಣದಾದರೂ ಒಂದು ಬದಲಾವಣೆ ಗೋಚರಿಸಬೇಕು. ಗೋಚರಿಸದಿದ್ದರೆ ಇಬ್ಬರೂ ಕುಳಿತು ಪರಾಮರ್ಶಿಸಬೇಕು. ಕ್ರಮವಾಗಿ 12ರಿಂದ 15 ಭೇಟಿಗಳಾದ ಮೇಲೂ ಏನೂ ಬದಲಾಗದಿದ್ದರೆ ಅದೇ ಚಿಕಿತ್ಸೆಯನ್ನು ಅದೇ ರೀತಿಯಲ್ಲಿ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಮನೋವೈದ್ಯರು ಆತಂಕಕ್ಕೆ ನೀಡುವ ಮಾತ್ರೆಗಳಲ್ಲಿ ಮುಖ್ಯವಾದವು ಗುಣ ತೋರಲು ಸಹ ಎರಡರಿಂದ ಆರು ವಾರ ಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ಏನನ್ನು ಅಳೆಯಬೇಕು?

“ಆತಂಕ ಹೋಯಿತೇ?” ಎಂದು ಕೇಳಿಕೊಂಡರೆ ಬಹುಪಾಲು ದಿನ “ಇಲ್ಲ” ಎಂಬ ಉತ್ತರವೇ ಬರುತ್ತದೆ. ಆತಂಕ ಎಂಬುದು ಮನುಷ್ಯನ ಸಹಜ ಭಾವ. ಅದು ಪೂರ್ತಿಯಾಗಿ ಹೋಗುವಂಥದ್ದಲ್ಲ. ಆದ್ದರಿಂದ ಒಂದು ನೋಟುಬುಕ್ಕಿನಲ್ಲಿ ವಾರಕ್ಕೊಮ್ಮೆ ನಾಲ್ಕು ಸಂಗತಿಗಳನ್ನು ಬರೆದಿಡಬೇಕು: ಗಾಬರಿ ಎಷ್ಟು ಸಲ ಬಂದಿತು, ಬಂದಾಗ ಎಷ್ಟು ನಿಮಿಷ ಉಳಿಯಿತು, ಅದರಿಂದಾಗಿ ಯಾವ ಕೆಲಸ ತಪ್ಪಿತು, ಅದು ಇದ್ದಾಗಲೂ ಯಾವ ಕೆಲಸ ನಡೆಯಿತು. ಇವುಗಳಲ್ಲಿ ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅಂಜಿಕೆ ಕಡಿಮೆಯಾಗುವುದಕ್ಕೆ ಮೊದಲೇ ಅಂಜಿಕೆಯೊಡನೆ ಬದುಕುವ ಶಕ್ತಿ ಹೆಚ್ಚುವುದು ಈ ಚಿಕಿತ್ಸೆಯ ಸಾಮಾನ್ಯ ಕ್ರಮ.

ಇದರ ಜೊತೆಗೆ ಜಿಎಡಿ-7 ಎಂಬ ಪ್ರಶ್ನಾವಳಿ ಉಪಯುಕ್ತವಾಗಿದೆ. 2006ರಲ್ಲಿ ಪ್ರಕಟವಾದ ಇದರಲ್ಲಿ ಹಿಂದಿನ ಎರಡು ವಾರಗಳ ಕುರಿತು ಏಳು ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 21. ಮೊತ್ತವು 5ನ್ನು ಮುಟ್ಟಿದರೆ ಸೌಮ್ಯ, 10ನ್ನು ಮುಟ್ಟಿದರೆ ಮಧ್ಯಮ, 15ನ್ನು ಮುಟ್ಟಿದರೆ ತೀವ್ರ ಆತಂಕವೆಂದು ಸ್ಥೂಲವಾಗಿ ಗಣಿಸುತ್ತಾರೆ. ನಾಲ್ಕು ಅಂಕಗಳಷ್ಟಾದರೂ ಇಳಿದರೆ ಅದನ್ನು ನಿಜವಾದ ಸುಧಾರಣೆಯೆಂದು ಪರಿಗಣಿಸಬಹುದು. ಚಿಕಿತ್ಸಕರಿಂದ ಇದನ್ನು ಪಡೆದು ತಿಂಗಳಿಗೊಮ್ಮೆ ತುಂಬಿಸಿಡಬೇಕು.

ನಮ್ಮಲ್ಲಿಗೆ ಬಂದ ಇಬ್ಬರ ಉದಾಹರಣೆ ಇಲ್ಲಿ ಉಚಿತವಾದೀತು. ನಲವತ್ತು ದಾಟಿದ ಒಬ್ಬ ಶಿಕ್ಷಕಿ ಹತ್ತು ಭೇಟಿಗಳ ನಂತರ ತನಗೆ ಏನೂ ಗುಣವಾಗಿಲ್ಲವೆಂದು ಹೇಳಿ, ಚಿಕಿತ್ಸೆ ಬಿಡುವ ನಿರ್ಧಾರ ಮಾಡಿ ಬಂದಿದ್ದರು. ಅವರ ಹಾಳೆಗಳನ್ನು ತರಿಸಿ ನೋಡಿದಾಗ ಆರಂಭದಲ್ಲಿ 17 ಇದ್ದ ಅಂಕ 12ಕ್ಕೆ ಇಳಿದಿತ್ತು. ಒಂದು ವರ್ಷದಿಂದ ತವರಿಗೆ ಹೋಗದಿದ್ದವರು ಹಿಂದಿನ ತಿಂಗಳು ತಮ್ಮನ ಮಗಳ ಮದುವೆಗೆ ಬಸ್ಸಿನಲ್ಲಿ ಹೋಗಿ ಎರಡು ದಿನ ಉಳಿದು ಬಂದಿದ್ದರು. ದಾರಿಯಲ್ಲಿ ಎದೆ ಬಡಿದುಕೊಂಡದ್ದು ನೆನಪಿತ್ತು; ಮದುವೆ ಮುಗಿಸಿ ಬಂದದ್ದು ಲೆಕ್ಕಕ್ಕೆ ಬಂದಿರಲಿಲ್ಲ. ಇಂಥವರು ಚಿಕಿತ್ಸೆಯನ್ನು ಮುಂದುವರಿಸುವುದೇ ಸರಿ. ಅವರು ಮುಂದುವರಿಸಿದರು.

ಇನ್ನೊಬ್ಬರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ತರುಣ. ಹದಿನಾಲ್ಕು ಭೇಟಿಗಳಾಗಿದ್ದವು, ಅಂಕ ಮೊದಲೂ 15, ಕೊನೆಗೂ 15. ಚಿಕಿತ್ಸೆಯ ಗುರಿ ಏನೆಂದು ಕೇಳಿದರೆ ಆತನಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಮಾಡಬೇಕಾದ ಅಭ್ಯಾಸವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತೂಕ ಇಳಿದಿತ್ತು, ಕೈ ನಡುಗುತ್ತಿತ್ತು. ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ ಕಂಡುಬಂದಿತು. ಆತನಿಗೆ ತಾಳ್ಮೆಯ ಉಪದೇಶದಿಂದ ಪ್ರಯೋಜನವಿರಲಿಲ್ಲ. ಮಾರ್ಗವನ್ನು ಬದಲಿಸುವುದೇ ಬೇಕಾಗಿತ್ತು. ಇಬ್ಬರದೂ ಒಂದೇ ದೂರು, ನಿರ್ಧಾರ ಮಾತ್ರ ಬೇರೆಬೇರೆ.

ನಾಲ್ಕು ಪಾದಗಳ ಪರೀಕ್ಷೆ

ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳಿವೆ ಎಂದು ಚರಕಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ ತಿಳಿಸುತ್ತದೆ. ಪ್ರಗತಿ ನಿಧಾನವೆನಿಸಿದಾಗ ಈ ನಾಲ್ಕರಲ್ಲಿ ಯಾವುದು ಕುಂಟುತ್ತಿದೆಯೆಂದು ನೋಡುವುದು ಒಳ್ಳೆಯ ಪದ್ಧತಿ.

ಮೊದಲನೆಯದು ವೈದ್ಯ. ಚಿಕಿತ್ಸಕರು ತರಬೇತಿ ಪಡೆದವರೇ? ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯೇ ಎಂದು ವಿಚಾರಿಸುವುದು ಅವಿನಯವಲ್ಲ. ಅವರು ಗುರಿಯನ್ನು ತಿಳಿಸಿದ್ದಾರೆಯೇ, ನಡುವೆ ಪ್ರಗತಿಯನ್ನು ಅಳೆಯುತ್ತಾರೆಯೇ, ಅವರೆದುರು ಮನಸ್ಸು ಬಿಚ್ಚಿ ಮಾತನಾಡಲು ಸಾಧ್ಯವಾಗುತ್ತದೆಯೇ ಎಂಬುದನ್ನೂ ಗಮನಿಸಬೇಕು.

ಎರಡನೆಯದು ದ್ರವ್ಯ. ಇಲ್ಲಿ ಚಿಕಿತ್ಸೆಯ ವಿಧಾನವೇ ದ್ರವ್ಯ. ಕಾಯಿಲೆಗೆ ತಕ್ಕ ವಿಧಾನವೇ, ಭೇಟಿಗಳು ಸಾಕಷ್ಟು ಹತ್ತಿರ ಹತ್ತಿರವಿವೆಯೇ, ಅಂಜುವ ಸಂದರ್ಭವನ್ನು ಎದುರಿಸುವ ಅಭ್ಯಾಸ ಅದರಲ್ಲಿ ಸೇರಿದೆಯೇ, ಮಾತ್ರೆಯ ನೆರವೂ ಬೇಕಾಗಿದೆಯೇ? ವಾರವಾರವೂ ಕಷ್ಟ ಹೇಳಿಕೊಂಡು ಹಗುರಾಗಿ ಬರುವುದಷ್ಟೇ ನಡೆದಿದ್ದರೆ ಆ ನೆಮ್ಮದಿ ಮರುದಿನಕ್ಕೆ ಉಳಿಯುವುದಿಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ, ರಕ್ತದ ಸಕ್ಕರೆಯ ಏರುಪೇರು, ಕೆಲವು ಔಷಧಗಳು ಆತಂಕದಂತಹ ಲಕ್ಷಣಗಳನ್ನೇ ತೋರಬಲ್ಲವು. ಇವುಗಳ ತಪಾಸಣೆ ಆಗಿರದಿದ್ದರೆ ಮಾಡಿಸಬೇಕು.

ಮೂರನೆಯದು ಪರಿಚಾರಕ, ಅಂದರೆ ಮನೆಯವರು. “ನಿನಗೇನಾಗಿದೆ, ಸುಮ್ಮನೆ ಯೋಚನೆ ಮಾಡಬೇಡ” ಎಂದು ಗದರುವುದು ಒಂದು ತಪ್ಪು. ರೋಗಿಯು ಅಂಜುವ ಕೆಲಸವನ್ನೆಲ್ಲ ತಾವೇ ಮಾಡಿಕೊಟ್ಟು, ಗಳಿಗೆಗೊಮ್ಮೆ “ಏನೂ ಆಗುವುದಿಲ್ಲ” ಎಂದು ಸಮಾಧಾನ ಹೇಳುವುದು ಇನ್ನೊಂದು ತಪ್ಪು. ಎರಡನೆಯದು ಪ್ರೀತಿಯಿಂದಲೇ ಹುಟ್ಟಿದರೂ ಅಂಜಿಕೆಯನ್ನು ಪೋಷಿಸುತ್ತದೆ. ಒಂದು ಭೇಟಿಗೆ ಮನೆಯವರೊಬ್ಬರು ಜೊತೆಗೆ ಹೋಗಿ, ತಾವು ಹೇಗೆ ನಡೆದುಕೊಳ್ಳಬೇಕೆಂದು ಕೇಳಿಕೊಂಡು ಬರುವುದು ಹಿತ.

ನಾಲ್ಕನೆಯದು ರೋಗಿ. ಹೇಳಿದ್ದನ್ನು ಪಾಲಿಸುವುದು ಮತ್ತು ತನ್ನ ರೋಗವನ್ನು ಸರಿಯಾಗಿ ತಿಳಿಸುವುದು ರೋಗಿಯಲ್ಲಿರಬೇಕಾದ ಗುಣಗಳಲ್ಲಿ ಸೇರಿವೆ ಎನ್ನುತ್ತದೆ ಶಾಸ್ತ್ರ. ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳು ನಡೆಯುತ್ತಿವೆಯೇ? ದಿನಕ್ಕೆ ಐದಾರು ಕಪ್ ಚಹಾ, ಗುಟ್ಕಾ, ಮದ್ಯ, ರಾತ್ರಿ ಬಹಳ ಹೊತ್ತು ಮೊಬೈಲ್ ನೋಡುವುದು ಇವೆಯೇ? ಸಂಕೋಚದಿಂದ ಮುಖ್ಯವಾದ ಸಂಗತಿಯನ್ನು, ಸಾಲವನ್ನೋ ಮನೆಯೊಳಗಿನ ಜಗಳವನ್ನೋ, ಚಿಕಿತ್ಸಕರಿಗೆ ಹೇಳದೆ ಉಳಿಸಿಕೊಂಡಿದ್ದೀರಾ? ಇವನ್ನು ತನ್ನನ್ನು ದೂಷಿಸಿಕೊಳ್ಳಲು ಕೇಳಿಕೊಳ್ಳಬಾರದು, ತಿದ್ದಿಕೊಳ್ಳಲು ಕೇಳಿಕೊಳ್ಳಬೇಕು.

ಮೊದಲು ಚಿಕಿತ್ಸಕರಿಗೇ ಹೇಳಬೇಕು

ಚಿಕಿತ್ಸೆ ಬಿಡುವ ಬಹುಪಾಲು ಜನ ಹೇಳದೆಯೇ ಬಿಡುತ್ತಾರೆ. ಫೋನ್ ಬಂದರೆ ಎತ್ತುವುದಿಲ್ಲ. ದೊಡ್ಡವರಿಗೆ ಎದುರಾಡಿದಂತಾಗುತ್ತದೆಂಬ ಅಳುಕು ಒಂದು ಕಡೆ. ಕಷ್ಟದ ಮಾತನ್ನು ತಪ್ಪಿಸಿಕೊಳ್ಳುವ ಆತಂಕದ ಸ್ವಭಾವವೇ ಇನ್ನೊಂದು ಕಡೆ. ಹಾಗೆ ಮಾಡದೆ ಮುಂದಿನ ಭೇಟಿಯ ಆರಂಭದಲ್ಲಿಯೇ ನೇರವಾಗಿ ಹೇಳಬಹುದು: “ನನಗೆ ಗುಣ ನಿಧಾನವೆನಿಸುತ್ತಿದೆ, ಬಿಡಬೇಕೆಂಬ ಯೋಚನೆ ಬಂದಿದೆ. ನಾವು ಎಲ್ಲಿಗೆ ಬಂದಿದ್ದೇವೆ, ಇನ್ನೆಷ್ಟು ಭೇಟಿಗಳು ಬೇಕು, ಏನನ್ನಾದರೂ ಬದಲಿಸಬಹುದೇ ತಿಳಿಸಿ.” ಒಳ್ಳೆಯ ಚಿಕಿತ್ಸಕರು ಈ ಮಾತಿಗೆ ಬೇಸರಪಡುವುದಿಲ್ಲ. ಅವರು ಹಳೆಯ ಟಿಪ್ಪಣಿ ತೆರೆದು ಹೋಲಿಸಿ ತೋರಿಸುತ್ತಾರೆ, ಗುರಿಯನ್ನು ಕಿರಿದುಗೊಳಿಸುತ್ತಾರೆ, ಅಗತ್ಯವಿದ್ದರೆ ತಾವೇ ಬೇರೆಯವರ ಬಳಿಗೆ ಕಳುಹಿಸುತ್ತಾರೆ. ಸಿಟ್ಟಾಗುವುದು, ಅಥವಾ ಕಾರಣ ಕೊಡದೆ ನಂಬಿಕೆಯಿಡಿ ಎಂದಷ್ಟೇ ಹೇಳುವುದು ನಿರ್ಧಾರಕ್ಕೆ ಬೇಕಾದ ಇನ್ನೊಂದು ಸಾಕ್ಷ್ಯ.

ನಿರ್ಧರಿಸುವ ಬಗೆ

ಅಂಕ ಇಳಿಯುತ್ತಿದ್ದರೆ, ಬಿಟ್ಟಿದ್ದ ಕೆಲಸಗಳು ಒಂದೊಂದಾಗಿ ಮರಳುತ್ತಿದ್ದರೆ, ಗುರಿ ಸ್ಪಷ್ಟವಿದ್ದರೆ ಮುಂದುವರಿಸಬೇಕು. ಮನಸ್ಸು ಎಷ್ಟೇ ಬೇಸರಿಸಿದರೂ ಗೊತ್ತುಪಡಿಸಿದ ಭೇಟಿಗಳನ್ನು ಮುಗಿಸಬೇಕು. ನಡುವೆ ಒಂದು ವಾರ ಹಿನ್ನಡೆಯಾದರೆ ಗಳಿಸಿದ್ದೆಲ್ಲ ಹೋಯಿತೆಂದು ತಿಳಿಯಬಾರದು. ಪರೀಕ್ಷೆ, ಬಿತ್ತನೆ, ಸಾಲ ತೀರಿಸುವ ಗಡುವು ಇಂತಹ ದಿನಗಳಲ್ಲಿ ಆತಂಕ ಏರುವುದು ಸಹಜ.

ಸಾಕಷ್ಟು ಭೇಟಿಗಳಾಗಿ, ಅಭ್ಯಾಸವನ್ನೂ ಪಾಲಿಸಿ, ಮಾತನಾಡಿ ನೋಡಿದ ಮೇಲೂ ಏನೂ ಬದಲಾಗದಿದ್ದರೆ ವಿಧಾನವನ್ನೋ ಚಿಕಿತ್ಸಕರನ್ನೋ ಬದಲಿಸಬೇಕು. ಹೀಗೆ ಬದಲಿಸುವುದು ಚಿಕಿತ್ಸೆಯನ್ನೇ ಕೈಬಿಟ್ಟಂತಲ್ಲ. ಎಂತಹ ಚಿಕಿತ್ಸೆಯೂ ಎಲ್ಲರಿಗೂ ಫಲಿಸುವುದಿಲ್ಲ. ಒಂದು ವಿಧಾನ ಹೊಂದದವರಿಗೆ ಇನ್ನೊಂದು ಹೊಂದಬಹುದು.

ಗುರಿ ಮುಟ್ಟಿದವರು ನಿಲ್ಲಿಸಬಹುದು. ಆದರೆ ಥಟ್ಟನೆ ನಿಲ್ಲಿಸದೆ ವಾರಕ್ಕೊಮ್ಮೆ ಇದ್ದ ಭೇಟಿಯನ್ನು ಹದಿನೈದು ದಿನಕ್ಕೆ, ಬಳಿಕ ತಿಂಗಳಿಗೆ ವಿಸ್ತರಿಸಿ, ಆತಂಕ ಮರಳಿದರೆ ಏನು ಮಾಡಬೇಕೆಂಬುದನ್ನು ಬರೆದಿಟ್ಟುಕೊಂಡು ಮುಗಿಸುವುದು ಲೇಸು. ಮಾತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮನೋಚಿಕಿತ್ಸೆ ಬಿಟ್ಟ ಬೇಸರದಲ್ಲಿ ಮಾತ್ರೆಯನ್ನೂ ಒಮ್ಮೆಗೇ ನಿಲ್ಲಿಸುವವರಿದ್ದಾರೆ. ಅದರಿಂದ ತಲೆಸುತ್ತು, ನಿದ್ರಾಹೀನತೆ, ಆತಂಕ ಮರುಕಳಿಸುತ್ತವೆ. ಕೆಲವು ಶಾಮಕ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಕೊಟ್ಟ ವೈದ್ಯರೇ ಪ್ರಮಾಣವನ್ನು ಇಳಿಸುತ್ತ ನಿಲ್ಲಿಸಬೇಕು.

ಆಯುರ್ವೇದ ಮತ್ತು ಧ್ಯಾನದ ಸ್ಥಾನ

“ನಿಮ್ಮಲ್ಲಿಯೇ ಔಷಧ ಕೊಡಿ, ಅದನ್ನು ಬಿಡುತ್ತೇನೆ” ಎನ್ನುವವರೂ ಇದ್ದಾರೆ. ಅಭ್ಯಂಗ, ಶಿರೋಧಾರೆ, ನಿಯತ ದಿನಚರಿ, ಹಿತಮಿತ ಆಹಾರ ಇವು ನಿದ್ರೆಗೂ ದೇಹದ ಬಿಗಿತಕ್ಕೂ ನೆರವಾಗುತ್ತವೆ. ಆದರೆ ಬಸ್ಸು ಹತ್ತುವ ಅಭ್ಯಾಸವನ್ನು ಎಣ್ಣೆಯಾಗಲಿ ಲೇಹ್ಯವಾಗಲಿ ನಮ್ಮ ಬದಲಿಗೆ ಮಾಡಿಕೊಡಲಾರವು. ಅಶ್ವಗಂಧವನ್ನು ಅಂಗಡಿಯಿಂದ ತಂದು ಮನೋವೈದ್ಯರ ಮಾತ್ರೆಯ ಜೊತೆಗೆ ತಾವಾಗಿಯೇ ಸೇವಿಸುವುದು ಸರಿಯಲ್ಲ. ಅದು ಮಂಪರು ತರುವ ಮಾತ್ರೆಗಳ ಪ್ರಭಾವವನ್ನು ಹೆಚ್ಚಿಸಬಹುದು. ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆಯಿರುವವರಿಗೆ ಅಹಿತವಾಗಬಹುದು. ಇಬ್ಬರು ವೈದ್ಯರಿಗೂ ಇಬ್ಬರ ಔಷಧವೂ ತಿಳಿದಿರಬೇಕು. ನಿತ್ಯದ ಪೂಜೆ, ಧ್ಯಾನಗಳು ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸವಾದುದರಿಂದ ಚಿಕಿತ್ಸೆಗೆ ಪೂರಕವಾಗಿವೆ. ಆದರೆ ಆತಂಕ ಉಳಿದರೆ ಅದನ್ನು ಭಕ್ತಿಯ ಕೊರತೆಯೆಂದು ಯಾರೂ ಭಾವಿಸಬಾರದು. ಪೂಜೆ ಮಾಡುವವರಿಗೂ ಜ್ವರ ಬರುತ್ತದಲ್ಲವೇ?

ದೂರ ಮತ್ತು ಖರ್ಚು

ಹಲವರು ಬಿಡಲು ನಿಜವಾದ ಕಾರಣ ದೂರ ಮತ್ತು ಖರ್ಚು. ವಾರಕ್ಕೊಮ್ಮೆ ಪಟ್ಟಣಕ್ಕೆ ಹೋಗಿಬಂದರೆ ಬಸ್ ಚಾರ್ಜಿನ ಮೇಲೆ ಒಂದು ದಿನದ ಕೂಲಿಯೂ ಹೋಗುತ್ತದೆ. ಇದನ್ನು ಚಿಕಿತ್ಸಕರಿಗೆ ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ನಡುವಿನ ಕೆಲವು ಭೇಟಿಗಳನ್ನು ಫೋನ್ ಅಥವಾ ವಿಡಿಯೋ ಕರೆಯಲ್ಲಿ ನಡೆಸಲು ಸಾಧ್ಯವೇ ಎಂದು ಕೇಳಬಹುದು. ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸರಕಾರಿ ಸಂಸ್ಥೆಗಳು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಮಂಗಳವಾರಗಳಂದು ಮನೋವೈದ್ಯರ ಸೇವೆಯ ಏರ್ಪಾಡಿದೆ. ನಿಮ್ಮ ಆಸ್ಪತ್ರೆಗೆ ಬರುವ ದಿನವನ್ನು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು.

ಕಾಯಬಾರದ ಸಂದರ್ಭ

ಮೇಲೆ ಹೇಳಿದ ಲೆಕ್ಕಗಳೆಲ್ಲ ಕಾಯಲು ಅವಕಾಶವಿರುವವರಿಗೆ. ಬದುಕು ಬೇಡವೆನ್ನುವ ವಿಚಾರ ಬರುತ್ತಿದ್ದರೆ, ದಿನಗಟ್ಟಲೆ ಊಟ ನಿದ್ರೆಗಳು ತಪ್ಪಿದ್ದರೆ, ಗಾಬರಿ ತಡೆಯಲು ಮದ್ಯದ ಮೊರೆ ಹೋಗುವಂತಾಗಿದ್ದರೆ ಮುಂದಿನ ಭೇಟಿಯವರೆಗೆ ಕಾಯಬಾರದು. ಅಂದೇ ಮನೆಯವರಿಗೆ ತಿಳಿಸಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು ಅಥವಾ 14416ಕ್ಕೆ ಕರೆ ಮಾಡಬೇಕು. ಮೊದಲ ಸಲ ಎದೆನೋವು ಬಂದವರು, ಎದೆನೋವು ತೋಳು ದವಡೆಗಳಿಗೆ ಹರಡುವವರು ಅದನ್ನು ಆತಂಕವೆಂದು ತಾವೇ ತೀರ್ಮಾನಿಸದೆ ಹೃದಯದ ತಪಾಸಣೆ ಮಾಡಿಸಬೇಕು.

ಚಿಕಿತ್ಸೆ ಬಿಡಬೇಕೆನ್ನಿಸಿದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಬಿಡುವ ಮುನ್ನ ಎರಡು ವಾರ ನೋಟುಬುಕ್ಕಿನಲ್ಲಿ ಬರೆಯಿರಿ, ನಾಲ್ಕು ಪಾದಗಳನ್ನು ಪರೀಕ್ಷಿಸಿರಿ, ಒಂದು ಭೇಟಿಗೆ ಹೋಗಿ ಚಿಕಿತ್ಸಕರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡಿರಿ. ಅದಾದ ಮೇಲೆ ಮುಂದುವರಿಸಿದರೂ ಬದಲಿಸಿದರೂ ನಿರ್ಧಾರ ನಿಮ್ಮದಾಗಿರುತ್ತದೆ, ಆತಂಕದ್ದಾಗಿರುವುದಿಲ್ಲ.